40 ಲೀಟರಿನ ರೀಫ್ ಟ್ಯಾಂಕ್: ಕ್ಷಾರತೆ ಕುಸಿಯದಂತೆ ನೋಡಿಕೊಳ್ಳಿ

ಗಟ್ಟಿ ಹವಳದ ಜೊತೆಗೆ ಒಂದು ಟ್ರೈಡ್ಯಾಕ್ನಾ ಚಿಪ್ಪುಜೀವಿ ಇದ್ದರೆ ಸಣ್ಣ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಮೊದಲು ಕುಸಿಯುವುದು ಕ್ಷಾರತೆ, ಅಂದರೆ ನೀರಿನಲ್ಲಿರುವ ಕಾರ್ಬೊನೇಟ್ ಅಂಶ. ಎರಡೂ ಸುಣ್ಣದ ಮೈ ಕಟ್ಟಿಕೊಳ್ಳುವ ಜೀವಿಗಳು. ನೀರು ಬದಲಿಸಿದರೆ ಸಾಕು ಎಂದು ನಂಬಿ ಕೂರಬೇಡಿ, ಅಳೆಯಿರಿ.

ಸೋಮವಾರ ಬೆಳಿಗ್ಗೆ 8.5 ಡಿಕೆಎಚ್ (ಕ್ಷಾರತೆಯ ಅಳತೆ) ಇತ್ತು, ಗುರುವಾರ ಅದೇ ಹೊತ್ತಿಗೆ 7.6 ಆಯಿತು ಎನ್ನಿ. ದಿನಕ್ಕೆ 0.3 ಖರ್ಚು. 40 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 1.2 ಗ್ರಾಂ ಅಡುಗೆ ಸೋಡಾ ಬೇಕು. ಅಂದರೆ ದಿನಕ್ಕೆ 0.36 ಗ್ರಾಂ. ಬೇಕಿಂಗ್ ಪೌಡರ್ ಬೇಡವೇ ಬೇಡ, ಅದರಲ್ಲಿ ಬೇರೆ ಪದಾರ್ಥಗಳಿರುತ್ತವೆ. ಒಂದು ಲೋಟ ಆರ್‌ಒ ನೀರಿನಲ್ಲಿ ಕರಗಿಸಿ, ಪಂಪಿನ ಹರಿವಿಗೆ ನಿಧಾನವಾಗಿ ಸುರಿಯಿರಿ. ಎಷ್ಟೇ ಕುಸಿದಿದ್ದರೂ ಒಂದೇ ದಿನದಲ್ಲಿ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಹವಳದ ತುದಿ ಸುಟ್ಟಂತೆ ಬಿಳಿಚುತ್ತದೆ.

ಕ್ಯಾಲ್ಸಿಯಂ ದ್ರಾವಣವನ್ನು ಅದರ ಬೆನ್ನಿಗೇ ಹಾಕಿದರೆ ನೀರು ಹಾಲಿನಂತೆ ಬೆಳ್ಳಗಾಗಿ ಎರಡೂ ವ್ಯರ್ಥ. ಒಂದು ಬೆಳಿಗ್ಗೆ, ಇನ್ನೊಂದು ಸಂಜೆ. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಆಸುಪಾಸಿನಲ್ಲಿರಲಿ. ಮೆಗ್ನೀಸಿಯಂ ತೀರಾ ಇಳಿದರೆ ಕ್ಷಾರತೆ, ಕ್ಯಾಲ್ಸಿಯಂ ಎರಡೂ ನಿಲ್ಲುವುದಿಲ್ಲ.

ಆವಿಯಾದ ನೀರಿನ ಬದಲು ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಿ. 40ರಲ್ಲಿ 1 ಲೀಟರ್ ಆರಿದರೂ ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 36ಕ್ಕೆ ಏರುತ್ತದೆ.

ಚಿಪ್ಪುಜೀವಿಯನ್ನು ಬಂಡೆಯಿಂದ ಎಂದೂ ಕೀಳಬೇಡಿ. ಅಡಿಯ ನಾರು ಕಿತ್ತುಬಂದು ಪಾದ ಹರಿದರೆ ಬದುಕುವುದು ಕಷ್ಟ. ಮೊದಲೇ ಅಂಗೈಯಗಲದ ಚಪ್ಪಟೆ ಕಲ್ಲಿನ ಮೇಲಿಟ್ಟರೆ ಕಲ್ಲಿನ ಸಮೇತ ಸರಿಸಬಹುದು. ನೈಟ್ರೇಟನ್ನು ಸೊನ್ನೆಗೆ ಇಳಿಸಬೇಡಿ. ಹವಳ, ಚಿಪ್ಪುಜೀವಿಗಳ ಮೈಯೊಳಗಿನ ಪಾಚಿಗೆ ಅದೂ ಬೇಕು, 5 ಪಿಪಿಎಂ ಇದ್ದರೆ ಒಳ್ಳೆಯದು.

ಭಾರತದಲ್ಲಿರುವವರು ಗಮನಿಸಿ: ಗಟ್ಟಿ ಹವಳಗಳೂ ಟ್ರೈಡ್ಯಾಕ್ನಾ ಮ್ಯಾಕ್ಸಿಮಾದಂಥ ಚಿಪ್ಪುಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ನಮ್ಮ ಕಡಲಿನಿಂದ ತಂದದ್ದನ್ನು ಯಾರು ಕೊಟ್ಟರೂ ಕೊಳ್ಳಬೇಡಿ.