ಸ್ಟ್ರಾಬೆರಿ ಕೊಳ್ಳುವಾಗ ಮೂಗು ಬಳಸಿ

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಾಕು ಒಬ್ಬರಿದ್ದಾರೆ. ಹೋದ ಜನವರಿಯಲ್ಲಿ ಅರ್ಧ ಬಿಳಿ, ಅರ್ಧ ಕೆಂಪಿದ್ದ ಮಹಾಬಳೇಶ್ವರದ ಸ್ಟ್ರಾಬೆರಿ ತಂದು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರು. "ಮಾವು ಹಣ್ಣಾಗತಾವ, ಇವ್ಯಾಕ ಆಗಂಗಿಲ್ಲ?" ಎರಡು ದಿನ ಬಿಟ್ಟು ತೆಗೆದರೆ ಹಣ್ಣೇನೋ ಕೆಂಪಾಗಿತ್ತು. ಬಾಯಿಗಿಟ್ಟರೆ ಹುಣಸೆಕಾಯಿ. ಅಕ್ಕಿಗೆಲ್ಲ ಕೆಂಪು ರಸ ಬೇರೆ. ಪುಣೆಯಲ್ಲಿ ಪ್ರತಿ ಚಳಿಗಾಲ ಈ ತಪ್ಪು ನೋಡುತ್ತೇನೆ.

ಮಾವು ಕಿತ್ತ ಮೇಲೂ ಹಣ್ಣಾಗುತ್ತದೆ, ಒಳಗಿನ ಪಿಷ್ಟವೇ ಸಕ್ಕರೆಯಾಗುತ್ತದೆ. ಸ್ಟ್ರಾಬೆರಿಯಲ್ಲಿ ಅಂಥ ದಾಸ್ತಾನು ಇಲ್ಲ. ಸಿಹಿ ಎಲೆಯಿಂದ ತೊಟ್ಟಿನ ಮೂಲಕ ಬರಬೇಕು. ಕಿತ್ತರೆ ನಲ್ಲಿ ಬಂದ್. ಬಣ್ಣದ ಕೆಲಸ ಮಾತ್ರ ಆಮೇಲೂ ನಡೆಯುತ್ತದೆ. ಮೋಸ ಹೋಗುವುದೇ ಇಲ್ಲಿ.

ಎಳೆ ಕಾಯಿಯಲ್ಲೂ ಕೆಂಪು ಹಣ್ಣಲ್ಲೂ ಇರುವ ಜೀನ್‌ಗಳು ಅವೇ. ಯಾವುದು ಯಾವಾಗ ಚುರುಕಾಗುತ್ತದೆ ಅನ್ನುವುದು ಮುಖ್ಯ. ಮೈಮೇಲೆ ಬೀಜದಂಥ ಚುಕ್ಕೆಗಳಿವೆ ಅಲ್ವಾ? ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಹಣ್ಣು ಅವೇ. ಕಾಯಿ ಹಸಿರಿದ್ದಾಗ ಅವು ಆಕ್ಸಿನ್ ಅನ್ನುವ ಹಾರ್ಮೋನು ಕಳಿಸಿ ಮಾಗುವ ಜೀನ್‌ಗಳನ್ನು ತಡೆದಿಡುತ್ತವೆ. ಕಾಯಿ ಬೆಳ್ಳಗಾಗುವಾಗ ಆಕ್ಸಿನ್ ಇಳಿದು ಆಬ್ಸಿಸಿಕ್ ಆಮ್ಲ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ. ಆಗ ಎಂವೈಬಿ10 ಅನ್ನುವ ಜೀನ್ ಎದ್ದು, ಬಣ್ಣ ಮಾಡುವ ಜೀನ್‌ಗಳನ್ನೆಲ್ಲ ಎಬ್ಬಿಸುತ್ತದೆ. ಹಣ್ಣನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಕರಗಿಸುವ ಜೀನ್‌ಗಳೂ ಶುರುವಾಗಿ ಹಣ್ಣು ಮೆತ್ತಗಾಗುತ್ತದೆ. ಘಮದ ಸರದಿ ತಡವಾಗಿ ಬರುತ್ತದೆ. 2000ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಸಾಟ್ ಅನ್ನುವ ಜೀನ್ ಗುರುತಿಸಿದರು. ಹಣ್ಣಿಗೆ ಘಮ ಕೊಡುವ ಎಸ್ಟರ್ ಅನ್ನುವ ರಾಸಾಯನಿಕಗಳನ್ನು ಮಾಡುವುದರಲ್ಲಿ ಅದರ ಕೈವಾಡ ದೊಡ್ಡದು. ಹಣ್ಣು ಕೆಂಪೇರಿದಾಗಲೇ ಅದು ಜೋರು.

ಈಗ ಕೊಳ್ಳುವುದು. ಮಂಡಈಗೆ, ಅಂದರೆ ಹಣ್ಣು-ತರಕಾರಿ ಮಾರ್ಕೆಟ್ಟಿಗೆ, ಬೆಳಗ್ಗೆಯೇ ಹೋಗಿ. ಮಾರುವವರು "ಗೋಡ್ ಆಹೇ, ಘ್ಯಾ" (ಸಿಹಿ ಇದೆ, ತಗೊಳ್ಳಿ) ಅನ್ನುತ್ತಲೇ ಇರುತ್ತಾರೆ. ನಕ್ಕು ಡಬ್ಬಿ ಎತ್ತಿ. ಮುಚ್ಚಳದ ತೂತಿಗೆ ಮೂಗು ಹಿಡಿಯಿರಿ. ಘಮ ತಡವಾಗಿ ಬರುವುದರಿಂದ, ಘಮವಿದ್ದರೆ ಹಣ್ಣು ಚೆನ್ನಾಗಿ ಮಾಗಿದೆ ಅಂತ. ಫ್ರಿಜ್‌ನಲ್ಲಿಟ್ಟ ಡಬ್ಬಿ ಘಮ ಬಿಡುವುದಿಲ್ಲ, ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಮತ್ತೆ ಮೂಸಿ. ಆಮೇಲೆ ಹಣ್ಣಿನ ಹೆಗಲು ನೋಡಿ, ಅಂದರೆ ಹಸಿರು ಟೋಪಿಯ ಕೆಳಗಿನ ಜಾಗ. ಅಲ್ಲಿ ಬೆಳ್ಳಗಿದ್ದರೆ ಗಿಡದಿಂದ ಬೇಗ ಕಿತ್ತಿದ್ದಾರೆ. ಕೊನೆಗೆ ಡಬ್ಬಿ ತಲೆಕೆಳಗೆ ಮಾಡಿ. ಮೇಲೆ ದಪ್ಪನೆಯ ಕೆಂಪು ಹಣ್ಣು, ಕೆಳಗೆ ಬಿಳಿ ಕಾಯಿ ಇಟ್ಟಿರುವುದು ಮಾಮೂಲು. ತಳ ಒದ್ದೆಯಾಗಿದ್ದರೆ ಮುಲಾಜಿಲ್ಲದೆ ವಾಪಸ್ ಇಡಿ. ದೊಡ್ಡ ಹಣ್ಣೇ ಸಿಹಿ ಅನ್ನುವವರ ಮಾತು ಕೇಳಬೇಡಿ, ನಾನಂತೂ ಚಿಕ್ಕದನ್ನೇ ಆರಿಸುತ್ತೇನೆ.

ಮನೆಯಲ್ಲಿ ತೊಳೆಯದೆ ಫ್ರಿಜ್‌ಗೆ ಹಾಕಿ, ತಿನ್ನುವಾಗಷ್ಟೇ ತೊಳೆಯಿರಿ. ಟೋಪಿ ತೊಳೆದ ಮೇಲೆ ಕೀಳಿ, ಇಲ್ಲವಾದರೆ ನೀರು ಒಳಗೆ ಹೋಗಿ ರುಚಿ ಸಪ್ಪೆ. ಹಣ್ಣು ತೊಳೆಯುವುದಕ್ಕೆ ಅಂತ ಬಾಟಲಿ ಮಾರುತ್ತಾರಲ್ಲ, ಒಮ್ಮೆ ತಂದಿದ್ದೆ. ಇಡೀ ಡಬ್ಬಿ ಸೋಪಿನ ವಾಸನೆ. ನಲ್ಲಿ ನೀರೇ ಸಾಕು.

ಇಷ್ಟಾದರೂ ಹುಳಿ ಹಣ್ಣು ಸಿಕ್ಕರೆ ಬೆಲ್ಲ, ಖಾರದಪುಡಿ, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿ. ಕಾಕು ಈಗ ಅದನ್ನೇ ಮಾಡುತ್ತಾರೆ, ಚಪಾತಿಗೆ ಚೆನ್ನಾಗಿರುತ್ತದೆ.