ನಾಲ್ಕನೇ ದಿನಕ್ಕೆ ವಾಪಸ್ ಬಂದ ಗುಂಡಿ

ಶ್ರಾವಣ ಹಿಡಿದ ವಾರ, ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಶಿವಮೊಗ್ಗದ ಗೋಪಾಲ ಬಡಾವಣೆಯ ನಮ್ಮ ಮನೆ ಮುಂದೆ ಆಟೋ ನಿಂತಿತು. ಮೊದಲು, ನಾಲ್ಕು ದಿನದ ಹಿಂದೆ ನನ್ನಿಂದ ನಾಯಿ ಒಯ್ದಿದ್ದ ವಿನೋಬನಗರದ ಹುಡುಗಿ ಇಳಿದಳು, ಹಿಂದೆಯೇ ಆ ನಾಯಿ, ಗುಂಡಿ. ಹುಡುಗಿಯ ಕಣ್ಣು ಕೆಂಪಾಗಿತ್ತು. ಗುಂಡಿಯ ಮುಂಗಾಲಿನ ಒಂದು ಉಗುರು ಮುರಿದು ರಕ್ತ ಹೆಪ್ಪುಗಟ್ಟಿತ್ತು, ಉಳಿದ ಉಗುರುಗಳ ಸಂದಿಯಲ್ಲಿ ಬಾಗಿಲಿನ ನೀಲಿ ಪೇಂಟು.

"ಅಕ್ಕ, ನಾವಿಬ್ರೂ ಒಂಬತ್ತಕ್ಕೆ ಕೆಲಸಕ್ಕೆ ಹೋದ್ರೆ ಬರೋದು ಆರಕ್ಕೆ. ಅಲ್ಲೀವರೆಗೂ ಕೂಗಿದಾಳಂತೆ. ಓನರ್ ಮನೆ ಖಾಲಿ ಮಾಡಿ ಅಂತಿದಾರೆ" ಅಂದಳು.

ಅವಳ ಮೇಲೆ ನನಗೆ ಒಂದು ಕ್ಷಣ ಸಿಟ್ಟು ಬಂದಿದ್ದು ನಿಜ. ನಾಲ್ಕು ದಿನಕ್ಕೇ ಕೈ ಚೆಲ್ಲಿದರಲ್ಲ ಅಂತ. ರಾತ್ರಿ ಕೂತು ಯೋಚಿಸಿದಾಗ ಗೊತ್ತಾಯಿತು, ತಪ್ಪು ನನ್ನದು. ಏಳು ವಾರ ಸಾಕಿದ ನಾನು ಆ ನಾಯಿಯನ್ನು ಒಂದು ದಿನವೂ ಹತ್ತು ನಿಮಿಷ ಒಂಟಿಯಾಗಿ ಬಿಟ್ಟಿರಲಿಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗ್ಗೆ ಮಷಿನ್ ಮುಂದೆ ಕೂತರೆ ಸಂಜೆಯೇ ಏಳುವುದು, ಸಾಮಾನು ತರುವುದೆಲ್ಲ ಯಜಮಾನರು. ಹಿಂದೆ ಮೂರು ಮರಿಗಳನ್ನು ಹೀಗೇ ತಿಂಗಳು ಎರಡು ತಿಂಗಳು ಸಾಕಿ ಒಳ್ಳೆ ಮನೆಗಳಿಗೆ ಕೊಟ್ಟಿದ್ದೆ. ಮರಿ ಬೇಕು ಅನ್ನುವವರು ಯಾವಾಗಲೂ ಸಿಗುತ್ತಾರೆ. ಆ ಧೈರ್ಯದ ಮೇಲೆ, ಊರಾಚೆಯ ಶೆಲ್ಟರ್‌ನವರು "ಮಳೆಗಾಲ, ಜಾಗ ಇಲ್ಲ, ಒಂದು ದೊಡ್ಡ ನಾಯಿ ಇಟ್ಕೋತೀರಾ" ಅಂತ ಕೇಳಿದಾಗ ಹೂಂ ಅಂದುಬಿಟ್ಟೆ.

ಮೃಗಶಿರ ಮಳೆಯಲ್ಲಿ ಬಂದಳು. ಸುಮಾರು ಎರಡು ವರ್ಷದ ಕಂದು ಬಣ್ಣದ ಹೆಣ್ಣು ನಾಯಿ, ನಾಲ್ಕೂ ಪಾದ ಬಿಳಿ. ಕಿವಿಯ ತುದಿಯಲ್ಲಿ ಸಣ್ಣ ಕತ್ತರಿ ಗುರುತು. ಸಂತಾನಹರಣ ಆದ ನಾಯಿಗೆ ಅರಿವಳಿಕೆಯಲ್ಲಿರುವಾಗಲೇ ಹಾಗೆ ಗುರುತು ಮಾಡುತ್ತಾರೆ, ಮತ್ತೆ ಹಿಡಿದು ಕೊಯ್ಯಬಾರದಲ್ಲ ಅಂತ. ಕಣ್ಣೆರಡೂ ಸ್ವೆಟರಿನ ಕಪ್ಪು ಗುಂಡಿಯ ಹಾಗಿದ್ದವು, ನನಗೆ ಬೇರೆ ಹೆಸರು ಹೊಳೆಯಲಿಲ್ಲ. ನಮ್ಮ ರಸ್ತೆ ತುಂಬ ಆ ಹೆಸರಿನವೇ ಇವೆ ಅಂತ ಯಜಮಾನರು ನಕ್ಕರು.

ಮೊದಲ ವಾರ ಏನೂ ಮಾಡಲಿಲ್ಲ. ಏನೂ ಮಾಡದೇ ಇರುವುದೇ ಕಷ್ಟದ ಕೆಲಸ. ಬಂದವರೆಲ್ಲ ಸ್ನಾನ ಮಾಡಿಸು ಅಂದರು, ವಾಸನೆ ಅಂದರು. ಹೊಸ ಜಾಗ, ಹೊಸ ಜನ, ಅದರ ಮೇಲೆ ತಲೆಗೆ ನೀರು ಹೊಯ್ದರೆ ಆ ಜೀವ ನಮ್ಮನ್ನು ನಂಬುವುದು ಯಾವಾಗ? ಶೆಲ್ಟರ್‌ನಲ್ಲಿ ತಿನ್ನುತ್ತಿದ್ದ ಅನ್ನ, ಕೋಳಿಯ ಚೂರುಗಳನ್ನೇ ಹಾಕಿದೆ, ಊಟ ಒಮ್ಮೆಲೇ ಬದಲಾಯಿಸಿದರೆ ಭೇದಿ ಖಂಡಿತ. ಹೊರಗೆ ಹೋಗುವಾಗ ಕುತ್ತಿಗೆ ಪಟ್ಟಿ ಒಂದು, ಎದೆಗೆ ಹಾಕುವ ಬೆಲ್ಟು ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಹೊಸ ನಾಯಿ ಓಡಿಹೋಗುವುದು ಮೊದಲ ದಿನಗಳಲ್ಲೇ, ಹೆದರಿ ಹಿಂದಕ್ಕೆ ಜಗ್ಗಿ ಪಟ್ಟಿಯಿಂದ ತಲೆ ಬಿಡಿಸಿಕೊಂಡರೆ ಆಯಿತು. ಹಿಂದೊಮ್ಮೆ ಮರಿಯೊಂದು ತಪ್ಪಿಸಿಕೊಂಡು ಅರ್ಧ ದಿನ ತುಂಗಾ ಚಾನಲ್ ಏರಿ ಮೇಲೆ ಹುಡುಕಿದ್ದೇನೆ.

ಒಂದು ವಿಚಿತ್ರ ಗಮನಿಸಿದೆ. ಗುಂಡಿ ಮಣ್ಣಿನ ಮೇಲೆ ಉಚ್ಚೆ ಹೊಯ್ಯುತ್ತಿರಲಿಲ್ಲ. ಹೊರಗೆ ಅರ್ಧ ಗಂಟೆ ಮಳೆಯಲ್ಲಿ ನೆನೆದು ಬಂದು ಒಳಗಿನ ನೆಲದ ಮೇಲೆ ಹೊಯ್ಯುವಳು. ಬೈದರೆ ಏನು ಬಂತು, ಅವಳು ದಿನ ಕಳೆದಿದ್ದೇ ಶೆಲ್ಟರ್‌ನ ಸಿಮೆಂಟಿನ ಮೇಲೆ. ಚರಂಡಿಯ ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ, ಆಮೇಲೆ ಚಪ್ಪಡಿಯ ಅಂಚು, ಆಮೇಲೆ ಪಕ್ಕದ ಹುಲ್ಲು. ಹನ್ನೆರಡು ದಿನ ಹಿಡಿಯಿತು.

ಟೈಲರ್ ಮನೆ ನಾಯಿಗೆ ಅಪಾಯದ ಜಾಗ. ಸೂಜಿ, ಗುಂಡುಪಿನ್ನು ಒಂದು ಕಡೆ, ಅದಕ್ಕಿಂತ ಕೆಟ್ಟದ್ದು ದಾರ. ನುಂಗಿದ ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರ ಮೇಲೆ ನಿರಿಗೆ ಕಟ್ಟಿದಂತಾಗಿ ಕೊಯ್ದುಹೋಗುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ದಿನಾ ಸಂಜೆ ನೆಲದ ಮೇಲೆ ಎಳೆಯುವುದು, ದಾರದ ಚೂರುಗಳನ್ನು ಡಬ್ಬಿಗೆ ಹಾಕಿ ಮುಚ್ಚುವುದು, ಇವೆರಡು ಮಗಳ ಕೆಲಸ.

ಮೂರನೇ ವಾರ ಗುಂಡಿ ಅನ್ನ ಮುಟ್ಟಲಿಲ್ಲ. ವಸಡು ಬಿಳಚಿಕೊಂಡಿತ್ತು, ಮೈ ಸುಡುತ್ತಿತ್ತು. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 60 ಸಾವಿರ, ಇರಬೇಕಾದ್ದು ಸುಮಾರು ಎರಡು ಲಕ್ಷದ ಮೇಲೆ. ಉಣುಗಿನಿಂದ ಬರುವ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರು. ನಾನು ಜಾಣೆ ಅಂತ ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಟ್ಟೆ. ಡಾಕ್ಟರು ಕೇಳಿ, ಹಾಲು ಮೊಸರಿನ ಜೊತೆ ಬೇಡಮ್ಮ, ಔಷಧಿ ಸರಿಯಾಗಿ ಹಿಡಿಯಲ್ಲ, ಬರೀ ಹೊಟ್ಟೆಗೂ ಬೇಡ ಅಂದರು. ಆಮೇಲೆ ಇಡ್ಲಿ ಚೂರಿನ ಒಳಗಿಟ್ಟು ಕೊಟ್ಟೆ. ಐದನೇ ದಿನಕ್ಕೆ ಬಾಲ ಅಲ್ಲಾಡಿತು. ಹುಷಾರಾದಳು ಅಂತ ಅಲ್ಲಿಗೇ ಮಾತ್ರೆ ನಿಲ್ಲಿಸುವವರು ಬಹಳ, ರೋಗ ಮೈಯಲ್ಲೇ ಉಳಿದು ಮತ್ತೆ ಏಳುತ್ತದೆ.

ಉಣುಗು ಅಂದ ಕೂಡಲೇ ಎದುರುಮನೆಯವರು "ಮಂಗನ ಕಾಯಿಲೆ ಬಂದ್ರೆ ಏನ್ ಗತಿ" ಅಂತ ಗೇಟಿನ ಹತ್ತಿರ ಬರುವುದನ್ನೇ ಬಿಟ್ಟರು. ಅವರ ಭಯಕ್ಕೆ ನಾನು ನಗಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಮನೆಯವರನ್ನು ಕಳೆದುಕೊಂಡವರಿದ್ದಾರೆ. ಆದರೆ ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು, ಊರಿನ ನಾಯಿಯ ಮೈಮೇಲೆ, ಗೋಡೆ ಬಿರುಕಿನಲ್ಲಿ ಬೆಳೆಯುವ ಕಂದು ಉಣುಗು ಬೇರೆ ಜಾತಿ. ಕಾಡಂಚಿನ ಹಳ್ಳಿಯಲ್ಲಿ ಮಾತ್ರ, ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ, ಸೊಪ್ಪಿಗೆ ಹೋದವರ ಹಿಂದೆ ಹೋಗಿ ಬಂದ ನಾಯಿಯ ಮೈ ನೋಡದೆ ಒಳಗೆ ಬಿಡಬಾರದು. ಕಿತ್ತ ಉಣುಗನ್ನು ಬೆರಳಲ್ಲಿ ಹಿಸುಕಬಾರದು, ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ಸ್ಪಿರಿಟ್ಟಿಗೆ ಹಾಕಬೇಕು. ಸೀಮೆಎಣ್ಣೆ ಹಚ್ಚುವುದಂತೂ ಬೇಡವೇ ಬೇಡ.

ಈ ಜ್ವರದ ಒಂದು ತಿಂಗಳೇ ನನ್ನನ್ನು ಹಾಳು ಮಾಡಿದ್ದು. ಪಾಪ, ಹುಷಾರಿಲ್ಲ ಅಂತ ಕಟಿಂಗ್ ಟೇಬಲ್ ಕೆಳಗೆ ಬಟ್ಟೆಚೂರಿನ ಮೂಟೆ ಹಾಕಿದೆ. ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುವಳು. ನಾನು ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ ಬರುವಳು. ಎಷ್ಟು ಹಚ್ಚಿಕೊಂಡಿದಾಳೆ ಅಂತ ನಾನು ಬಂದವರ ಮುಂದೆ ಹೇಳಿ ಹಿಗ್ಗುತ್ತಿದ್ದೆ. ವಿನೋಬನಗರದ ಆ ಗಂಡ ಹೆಂಡತಿ ಬಂದು ಕೇಳಿದಾಗಲೂ "ಒಂಚೂರೂ ತೊಂದರೆ ಕೊಡಲ್ಲ" ಅಂದಿದ್ದೆ. ನನಗೆ ಕೊಡುತ್ತಿರಲಿಲ್ಲ, ಅಷ್ಟೇ.

ವಾಪಸ್ ಬಂದ ಮೇಲೆ ಒಂಟಿಯಾಗಿರುವ ಅಭ್ಯಾಸ ಮೊದಲಿನಿಂದ ಶುರು. ಬೀಗದ ಕೈ ಗೊಂಚಲು ಎತ್ತುವುದು, ಎಲ್ಲಿಗೂ ಹೋಗದೆ ಮಷಿನ್ ಮುಂದೆ ಕೂರುವುದು. ದಿನಕ್ಕೆ ಇಪ್ಪತ್ತು ಸಲ. ಬೀಗದ ಕೈ ಸದ್ದಿಗೆ ಅವಳು ಕಿವಿ ನಿಮಿರಿಸುವುದು ನಿಂತ ಮೇಲೆ ಚಪ್ಪಲಿ ಮೆಟ್ಟುವುದು, ಬಿಚ್ಚುವುದು. ಆಮೇಲೆ ಹೊರಗೆ ಹೋಗಿ ಬಾಗಿಲು ಎಳೆದು ಹತ್ತು ಎಣಿಸಿ ಒಳಗೆ. ಬಂದಾಗ "ಅಯ್ಯೋ ಬಂಗಾರ" ಅಂತ ಮುದ್ದಿಸುವ ಹಾಗಿಲ್ಲ, ಹೋಗಿದ್ದೂ ದೊಡ್ಡ ವಿಷಯವಲ್ಲ, ಬಂದಿದ್ದೂ ಅಲ್ಲ ಅನ್ನುವ ಹಾಗಿರಬೇಕು. ಹಳೇ ಮೊಬೈಲನ್ನು ದಾರದ ಉಂಡೆಗಳ ಸ್ಟ್ಯಾಂಡಿಗೆ ಒರಗಿಸಿ ವಿಡಿಯೋ ಹಾಕಿಟ್ಟು ಹೋಗುತ್ತಿದ್ದೆ. ಬಾಗಿಲ ಹತ್ತಿರ ಓಡಾಟ, ಆಕಳಿಕೆ, ತುಟಿ ನೆಕ್ಕುವುದು, ಇವೆಲ್ಲ ಊಳಿಡುವುದಕ್ಕೂ ಮೊದಲು ಬರುವ ಗುರುತುಗಳು. ಅವು ಕಾಣುವುದಕ್ಕಿಂತ ಮುಂಚೆ ನಾನು ವಾಪಸ್ ಬಂದಿರಬೇಕು. ಕೂಗಿದ ಮೇಲೆ ಬಂದರೆ, ಕೂಗಿದ್ದಕ್ಕೇ ಬಂದಳು ಅಂತ ಅವಳ ಲೆಕ್ಕ.

ಗೋಣಿಚೀಲದ ತುಂಡಿನ ಮೇಲೆ ದಪ್ಪ ಕಾಟನ್ ಪಟ್ಟಿಗಳನ್ನು ಒತ್ತೊತ್ತಾಗಿ ಹೊಲಿದು ಒಂದು ಚಾಪೆ ಮಾಡಿದೆ, ಅಂಚಿಗೆಲ್ಲ ಇಂಟರ್‌ಲಾಕ್ ಹಾಕಿ. ಪಟ್ಟಿಗಳ ಸಂದಿಯಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರು ಅಡಗಿಸಿಟ್ಟು ಹೊರಡುವುದು. ಮೂಗು ಹಾಕಿ ಹುಡುಕುವುದರಲ್ಲಿ ಹದಿನೈದು ನಿಮಿಷ ಕಳೆಯುತ್ತದೆ. ಅವಳ ಸಂಕಟವೆಲ್ಲ ಮೊದಲ ಇಪ್ಪತ್ತು ಮೂವತ್ತು ನಿಮಿಷದ್ದೇ, ಅದು ದಾಟಿದರೆ ಮಲಗುತ್ತಾಳೆ ಅಂತ ವಿಡಿಯೋದಲ್ಲೇ ಕಂಡಿತು. ಭದ್ರಾವತಿ ಆಕಾಶವಾಣಿ ಸಣ್ಣಗೆ ಹಚ್ಚಿಟ್ಟು ಹೋಗುತ್ತಿದ್ದೆ. ಅದರಿಂದ ನಾಯಿಗೆ ಎಷ್ಟು ಉಪಯೋಗವಾಯಿತೋ, ನನಗಂತೂ ಸಮಾಧಾನ.

ಒಂಬತ್ತನೇ ದಿನ ಕೆಡಿಸಿಕೊಂಡೆ. ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್‌ಗಳು, ಲೈನಿಂಗ್ ಮುಗಿದಿತ್ತು, ಯಜಮಾನರು ಊರಲ್ಲಿಲ್ಲ. ಗಾಂಧಿ ಬಜಾರಿಗೆ ಹೋಗಿ ಬರಲು ಒಂದೂಕಾಲು ಗಂಟೆ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಟ್ಟಿದ್ದು ಹನ್ನೆರಡು ನಿಮಿಷ ದಾಟಿರಲಿಲ್ಲ. ತಿರುವಿನಲ್ಲೇ ಅವಳ ಧ್ವನಿ ಕೇಳಿಸಿತು. ಮಾರನೇ ದಿನ ಮತ್ತೆ ಹತ್ತು ಎಣಿಸುವಲ್ಲಿಗೆ ಬಂದೆವು.

ಗಣೇಶನ ಹಬ್ಬದಲ್ಲಿ ಇನ್ನೊಂದು ಗೊತ್ತಾಯಿತು. ಮೆರವಣಿಗೆಯ ಮೊದಲ ಪಟಾಕಿ ಸಿಡಿದದ್ದೇ ಮಂಚದಡಿ ಸೇರಿದವಳು ರಾತ್ರಿಯಿಡೀ ಬರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಆ ದಿನವೇ ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿದೆ, ಅಳತೆ ಬರೆದುಕೊಳ್ಳುವ ಪುಸ್ತಕದಂಥದ್ದೇ. ಸಿಡಿಯುವ ಸದ್ದಿಗೆ ಪ್ರಾಣಭಯ. ಕೊಡೆ ಬಿಚ್ಚಿದರೆ ಬೊಗಳುತ್ತಾಳೆ. ತಿನ್ನುವಾಗ ತಟ್ಟೆಗೆ ಕೈ ಹಾಕಿದರೆ ಗುರ್ ಅನ್ನುತ್ತಾಳೆ. ಅಪರಿಚಿತರು ಬಂದರೆ ಬೊಗಳುವುದೇ ಇಲ್ಲ, ಎದ್ದು ಒಳಗೆ ಹೋಗುತ್ತಾಳೆ. ಎಡಗಾಲಿನ ಚಪ್ಪಲಿ ಮಾತ್ರ ಕಡಿಯುತ್ತಾಳೆ, ಕಾರಣ ದೇವರಿಗೇ ಗೊತ್ತು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರೊಬ್ಬರು ಫೋನ್ ಮಾಡಿದರು. ಮನೆಯಲ್ಲಿ ಯಾವಾಗಲೂ ಏಳೆಂಟು ಜನ, ಒಂಟಿತನದ ಮಾತೇ ಇಲ್ಲ. ನನಗೂ ಆಸೆ. ನಾಯಿಯನ್ನು ಬಿಟ್ಟು ನಾನೊಬ್ಬಳೇ ಮಂಡಗದ್ದೆ ಮೇಲಿನ ಬಸ್ಸಿನಲ್ಲಿ ಹೋದೆ. ಮೊದಲು ಮನೆ ನೋಡಬೇಕು, ಆಮೇಲೆ ನಾಯಿ ತೋರಿಸಬೇಕು. ಜಗುಲಿಯಲ್ಲಿ ಕೂರಿಸಿ ಕಷಾಯ ಕೊಟ್ಟರು. ಹಿಂದಿನ ಒಂದು ನಾಯಿಯನ್ನು ಅಂಗಳದಿಂದಲೇ ಚಿರತೆ ಎತ್ತಿತ್ತಂತೆ, ಇನ್ನೊಂದು ಹಂದಿಗೆ ಕಟ್ಟಿದ ಉರುಳಿಗೆ ಸಿಕ್ಕಿತ್ತಂತೆ. ಮುಚ್ಚಿಡದೆ ಹೇಳಿದರು. ಅಷ್ಟರಲ್ಲಿ ತೋಟದ ಕಡೆಯಿಂದ ಢಂ ಅಂತು.

"ಎಂತ ಮಾಡೂದು ಮಾರಾಯ್ರೆ, ಮಂಗನ ಕಾಟ. ದಿನಕ್ಕೆ ಹತ್ತು ಸಲ ಗರ್ನಾಲು ಹೊಡೀದಿದ್ರೆ ಒಂದು ಕಾಯಿ ಉಳಿಯಲ್ಲ" ಅಂದರು ಆ ಮನೆಯ ಯಜಮಾನರು.

ನಾನು ನೋಟ್‌ಬುಕ್ ತೆಗೆದು ಓದಿದೆ. ಅವರ ತಾಯಿ ಪೂರ್ತಿ ಕೇಳಿ, "ಬೇಡ ಬಿಡಿ, ಅದು ಇಲ್ಲಿ ಹೆದರಿಕೆಗೇ ಸಾಯ್ತದೆ. ಹೇಳಿದ್ದು ಒಳ್ಳೇದಾಯ್ತು" ಅಂದರು. ಸಿಡಿಲಿಗೂ ಜಗ್ಗದ ಬೊಗಳುವ ಗಂಡು ನಾಯಿಯೊಂದು ಶೆಲ್ಟರ್‌ನಲ್ಲಿತ್ತು. ರಾತ್ರಿ ಕೊಟ್ಟಿಗೆಯ ಒಳಗೆ ಬಿಟ್ಟು ಅಗಳಿ ಹಾಕಬೇಕು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ದಿನ ಮೈಲುತುತ್ತದ ನೀರು ಕುಡಿಯದ ಹಾಗೆ ಕಟ್ಟಬೇಕು ಅನ್ನುವ ಮಾತಿನ ಮೇಲೆ ಅದು ಅವರ ಮನೆ ಸೇರಿತು.

ಗುಂಡಿಗೆ ಮನೆ ಸಿಕ್ಕಿದ್ದು ದಸರಾ ಕಳೆದ ಮೇಲೆ, ಸಾಗರದಲ್ಲಿ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಆ ಹೊತ್ತಿಗೆ ಗುಂಡಿ ಎರಡೂವರೆ ಗಂಟೆ ಒಬ್ಬಳೇ ಇರುತ್ತಿದ್ದಳು. ಕೇಳಲು ನಾಲಿಗೆ ಹೊರಳದಿದ್ದರೂ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು: "ಸರ್, ನಾಯಿ ಇನ್ನೂ ಹತ್ತು ಹನ್ನೆರಡು ವರ್ಷ ಬದುಕತ್ತೆ. ನಿಮಗೆ ಆಗದೇ ಹೋದ್ರೆ?" ಮೇಷ್ಟ್ರು ನಕ್ಕರು, ಅಮ್ಮನವರ ಮುಖ ಸ್ವಲ್ಪ ಸಣ್ಣದಾಯಿತು. ಬೆಂಗಳೂರಿನ ಮಗ ಫೋನಿನಲ್ಲಿ ಒಪ್ಪಿಕೊಂಡ ಮೇಲೆ ಅದನ್ನೂ ಕಾಗದದಲ್ಲಿ ಬರೆದೆವು. ಸರಪಳಿಯಲ್ಲಿ ಕಟ್ಟಿಡುವುದಿಲ್ಲ, ವರ್ಷ ವರ್ಷ ರೇಬಿಸ್ ಲಸಿಕೆ ತಪ್ಪಿಸುವುದಿಲ್ಲ, ಬೇಡವಾದರೆ ಬೇರೆಯವರಿಗೆ ದಾಟಿಸದೆ ನನಗೇ ವಾಪಸ್ ಕೊಡುವುದು. ಕೋರ್ಟಿನಲ್ಲಿ ಅದಕ್ಕೇನು ಬೆಲೆಯೋ, ಬರೆದು ಸಹಿ ಹಾಕುವಾಗ ಮನುಷ್ಯ ಒಂದು ಸಲ ನಿಂತು ಯೋಚಿಸುತ್ತಾನೆ.

ಈ ಸಲ ಒಂದೇ ದಿನಕ್ಕೆ ಒಪ್ಪಿಸಲಿಲ್ಲ. ಅವರು ಎರಡು ಸಲ ನಮ್ಮ ಮನೆಗೆ ಬಂದು ಅರ್ಧ ದಿನ ಇದ್ದು ಹೋದರು. ಮೂರನೇ ಸಲ ಬಾಡಿಗೆ ಓಮ್ನಿಯಲ್ಲಿ ನಾನೇ ಕರೆದೊಯ್ದೆ. ಚಾಪೆ, ತೊಳೆಯದ ನನ್ನ ಹಳೇ ಸೀರೆಯ ತುಂಡು, ಲಸಿಕೆ ಪುಸ್ತಕ, ದೋಷಗಳ ನೋಟ್‌ಬುಕ್ಕಿನ ಹಾಳೆಗಳು. ಬರುವಾಗ ಅವಳ ಕಡೆ ನೋಡಲಿಲ್ಲ. ಆನಂದಪುರದವರೆಗೂ ಡ್ರೈವರ್ ಪಾಪ ಮಾತೇ ಆಡಲಿಲ್ಲ.

ಮೂರು ದಿನಕ್ಕೆ, ಮೂರು ವಾರಕ್ಕೆ, ಮೂರು ತಿಂಗಳಿಗೆ ಫೋನ್ ಮಾಡುವುದು ನಮ್ಮಲ್ಲಿ ಪದ್ಧತಿ. ಮೂರನೇ ದಿನ ಅಮ್ಮನವರು, ಇನ್ನೂ ಮೂಲೆ ಬಿಟ್ಟಿಲ್ಲ ಅಂದರು. ಮೂರು ವಾರದ ಹೊತ್ತಿಗೆ ದೀಪಾವಳಿ ಬಂದು ಹೋಗಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಒಳಕೋಣೆಯಲ್ಲಿ ಮೂವರೂ ನೆಲಕ್ಕೆ ಹಾಸಿ ಮಲಗಿದ್ದರಂತೆ.

ಮೂರು ತಿಂಗಳ ಫೋನು ಮೇಷ್ಟ್ರು ಎತ್ತಿದರು. ನಾನು ಮೊದಲು ಕೇಳಿದ್ದೇ, "ಸರ್, ಬರೀ ಕಾಲ್ಬುಡದಲ್ಲೇ ಮಲಗಿಸ್ಕೊಂಡಿಲ್ಲ ತಾನೇ? ದಿನಾ ಒಂದು ಗಂಟೆ ಬಿಟ್ಟು ಹೋಗ್ತಿದೀರಾ?"

"ಹೋಗ್ತಿದೀವಮ್ಮ, ಹತ್ತು ಗಂಟೆಗೆ ಸರಿಯಾಗಿ ಇಬ್ರೂ ಬೀಗ ಹಾಕ್ಕೊಂಡು ಹೊರಡ್ತೀವಿ. ದಿನಾ ಎಲ್ಲಿಗೆ ಅಂತ ಹೋಗೋದು? ಪಕ್ಕದ ಮನೆ ಜಗುಲಿ ಮೇಲೆ ಕೂತು ಪೇಪರ್ ಓದಿ ಬರ್ತೀವಿ. ಈಗೀಗ ಅವರು ನಮ್ಮಿಬ್ಬರಿಗೂ ಸೇರಿಸಿಯೇ ಕಾಫಿಗೆ ಇಡ್ತಾರೆ."