ಸೈಕಲ್ ಪ್ರವಾಸಕ್ಕೆ, ಚಾರಣಕ್ಕೆ ಯಾವ ಕ್ಯಾಮೆರಾ?

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಕಿಲೋ ಅಕ್ಕಿಯನ್ನು ಹೆಗಲ ಚೀಲಕ್ಕೆ ಹಾಕಿಕೊಂಡು 10 ಕಿ.ಮೀ. ಸೈಕಲ್ ತುಳಿಯಿರಿ. ದೊಡ್ಡ ಕ್ಯಾಮೆರಾ, ಅದಕ್ಕೊಂದು ಜೂಮ್ ಲೆನ್ಸ್ ಸೇರಿದರೆ ಸುಮಾರು ಅಷ್ಟೇ ಭಾರ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಆ ಭಾರ ಬೇಕಾ ಅಂತ ಆಗಲೇ ಗೊತ್ತಾಗುತ್ತದೆ.

ಎರಡನೆಯದು, ಕ್ಯಾಮೆರಾ ಎಲ್ಲಿರುತ್ತದೆ ಅನ್ನೋದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಿಂದಿನ ಕ್ಯಾರಿಯರ್ ಚೀಲದ ತಳದಲ್ಲಿಟ್ಟರೆ ಸೈಕಲ್ ನಿಲ್ಲಿಸಿ, ಬಟ್ಟೆ ಸರಿಸಿ ತೆಗೆಯುವಷ್ಟರಲ್ಲಿ ಮಂಗಟ್ಟೆ ಹಾರಿ ಹೋಗಿರುತ್ತದೆ. ಹೊಂಡಗಳ ಕುಲುಕಾಟವೂ ಅಲ್ಲೇ ಜಾಸ್ತಿ. ಸೊಂಟದ ಚೀಲದಲ್ಲಿದ್ದರೆ ನಿಮ್ಮ ಮೈಯೇ ಆ ಪೆಟ್ಟನ್ನು ತಡೆಯುತ್ತದೆ. ಹಾಗಾಗಿ ಸೊಂಟದ ಚೀಲದಲ್ಲಿ ಹಿಡಿಸದ ಕ್ಯಾಮೆರಾ ಬೇಡವೇ ಬೇಡ.

ಈಗ ಮಾದರಿ ನೋಡೋಣ. ರಿಕೋ ಜಿಆರ್ 3 ತೂಕ 257 ಗ್ರಾಂ. ಒಲಿಂಪಸ್ ಟಿಜಿ-6 ತೂಕ 253 ಗ್ರಾಂ. ತೂಕ ಹೆಚ್ಚುಕಡಿಮೆ ಒಂದೇ, ಗುಣ ಪೂರ್ತಿ ಬೇರೆ. ರಿಕೋದಲ್ಲಿ ಬೆಳಕು ಹಿಡಿದು ಚಿತ್ರ ಮೂಡಿಸುವ ಸೆನ್ಸರ್ ದೊಡ್ಡದು (ಎಪಿಎಸ್-ಸಿ ಅನ್ನೋ ಅಳತೆಯದು). ಮುಸ್ಸಂಜೆಯ ಮಂದ ಬೆಳಕಲ್ಲೂ ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಜೂಮ್ ಇಲ್ಲ, ಮಳೆ ತಡೆಯುವುದಿಲ್ಲ. ಟಿಜಿ-6 ನೀರಲ್ಲಿ 15 ಮೀಟರ್ ಆಳದವರೆಗೂ ತಾಳುತ್ತದೆ. ಸೆನ್ಸರ್ ಚಿಕ್ಕದು, ಕತ್ತಲಾಗುತ್ತಿದ್ದಂತೆ ಚಿತ್ರ ಕಾಳುಕಾಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು ಸುತ್ತುವವರಿಗೆ ಟಿಜಿ-6 ಸರಿ. ಮಳೆ ನಿಂತ ಮೇಲೆ ಕುಮಾರ ಪರ್ವತ ಹತ್ತುವವರಿಗೆ ನಾನು ರಿಕೋ ಹೇಳುತ್ತೇನೆ. ಹಕ್ಕಿ, ಪ್ರಾಣಿಗಳ ಹುಚ್ಚು ಇದ್ದವರು ಸೋನಿ ಆರ್‌ಎಕ್ಸ್100 ಏಳನೇ ಮಾದರಿ ನೋಡಿ. ತೂಕ 302 ಗ್ರಾಂ, ದೂರದ್ದನ್ನು ಹತ್ತಿರ ತೋರಿಸುವ ಜೂಮ್ 200 ಎಂಎಂವರೆಗೆ.

ಯಾವುದೇ ಇರಲಿ, ಪವರ್ ಬ್ಯಾಂಕ್‌ನಿಂದ ನೇರವಾಗಿ ಚಾರ್ಜ್ ಆಗಬೇಕು. ಜೊತೆಗೆ ಇನ್ನೊಂದು ಬ್ಯಾಟರಿ ಕೊಳ್ಳಿ. ಅದರಲ್ಲೂ ರಿಕೋ ಬ್ಯಾಟರಿ ಸುಮಾರು 200 ಚಿತ್ರಕ್ಕೇ ಮುಗಿಯುತ್ತದೆ. ಚಳಿಯ ರಾತ್ರಿ ಬ್ಯಾಟರಿಯನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒದ್ದೆ ಚೀಲದಲ್ಲಿ ಕ್ಯಾಮೆರಾ ಬಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ದುಡ್ಡು ಕೊಡುವ ಮುಂಚೆ ಎರಡು ದಿನ ಬಾಡಿಗೆಗೆ ತನ್ನಿ. ಬೆಂಗಳೂರಿನವರು ಬೆಳಿಗ್ಗೆ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿ ಬನ್ನಿ. ಸೈಕಲ್ ನಿಲ್ಲಿಸಿ, ಕೈಗವಸು ತೆಗೆಯದೇ ಒಂದೇ ಕೈಯಲ್ಲಿ ಕ್ಯಾಮೆರಾ ಹೊರತೆಗೆದು ಆನ್ ಮಾಡಿ ನೋಡಿ. ಹತ್ತು ಸೆಕೆಂಡಿನೊಳಗೆ ಒಂದು ಫೋಟೊ ತೆಗೆಯಲು ಆಗದಿದ್ದರೆ ಅದನ್ನು ವಾಪಸ್ ಕೊಟ್ಟು ಬೇರೆಯದು ತನ್ನಿ.